ದಿನಾ ಓಡಿಸುವ ಸ್ವಿಫ್ಟ್‌ನ ತೂಕ ಇಳಿಸೋದು: ಯಾವುದು ತೆಗೀಬಹುದು, ಯಾವುದು ಮುಟ್ಟಬಾರದು?

ಬಿಳಿ_ಸ್ವಿಫ್ಟ್ ಕೇಳಿದ್ದು:

ಕಾರು 2019ರ ಸ್ವಿಫ್ಟ್ ವಿಎಕ್ಸ್‌ಐ, 1.2 ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಸೆಕೆಂಡ್ ಹ್ಯಾಂಡ್. ಓಡಾಟ ಬಹುಪಾಲು ಬೆಂಗಳೂರಿನ ಒಳಗೆ, ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಗೆ. ರಜೆ ಬಂದರೆ ಶಿರಾಡಿ ಇಳಿದು ಪುತ್ತೂರು. ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸೋದು), ಟರ್ಬೊ ಇತ್ಯಾದಿ ಬೇಡ. ಇರೋ ಇಂಜಿನ್‌ನಲ್ಲೇ ಪಿಕಪ್ ಸ್ವಲ್ಪ ಚುರುಕಾಗಬೇಕು, ಜೊತೆಗೆ ಮೈಲೇಜೂ ಸಿಕ್ಕಿದರೆ ಒಳ್ಳೇದು. ಎಸಿ, ಮ್ಯೂಸಿಕ್ ಎರಡೂ ಇರಲೇಬೇಕು. ಹಿಂದಿನ ಸೀಟಿನಲ್ಲಿ ಮನೆಯವರು ಕೂರ್ತಾರೆ.

ಹಿಂದಿನ ಓನರ್ ಹಾಕಿಸಿದ್ದು ಈಗಲೂ ಹಾಗೇ ಇದೆ: ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್ ಬಾಕ್ಸ್ ಮತ್ತು ಆಂಪ್ಲಿಫೈಯರ್, ಮುಂದೆ ಸ್ಟೀಲ್ ಬಂಪರ್ ಗಾರ್ಡ್, ಕೆಳಗೆ ಸ್ಟೀಲ್ ಇಂಜಿನ್ ಗಾರ್ಡ್, ಟಾಪ್ ಮೇಲೆ ಕ್ಯಾರಿಯರ್, ದಪ್ಪ ಸೀಟ್ ಕವರ್, 7ಡಿ ಮ್ಯಾಟ್ (ನೆಲ ಪೂರ್ತಿ ಮುಚ್ಚೋ ದಪ್ಪ ಮ್ಯಾಟ್), 16 ಇಂಚಿನ ಅಲಾಯ್ ವೀಲ್‌ಗೆ 195/55 ಟೈರ್ (ಅಗಲ 195 ಎಂಎಂ, ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡ 55).

ಯಾವ ಕ್ರಮದಲ್ಲಿ ತೆಗೆಯೋದು? ಸ್ಟೆಪ್ನಿ ತೆಗೆದರೆ ಪರವಾಗಿಲ್ವಾ? ಕೊನೆಗೆ ಸಿಗೋ ವ್ಯತ್ಯಾಸ ನಿಜವಾಗಿ ಎಷ್ಟು, ಬರೀ ಮನಸ್ಸಿನ ಸಮಾಧಾನವಾ?

---

ಹಳೇ_ಸ್ಪ್ಯಾನರ್:

ಈ ತಲೆಮಾರಿನ ಸ್ವಿಫ್ಟ್ ಪೆಟ್ರೋಲ್ ಖಾಲಿ ತೂಕ 855ರಿಂದ 880 ಕೆಜಿ. ಅದಕ್ಕೂ ಹಿಂದಿನ ಮಾಡೆಲ್‌ಗಿಂತ ಸುಮಾರು 85 ಕೆಜಿ ಕಡಿಮೆ. ಹೈ ಟೆನ್ಸೈಲ್ ಸ್ಟೀಲ್ ಬಳಸಿ, ಪ್ಲಾಟ್‌ಫಾರ್ಮನ್ನೇ ಬದಲಿಸಿ ಕಂಪನಿಯವರೇ ಇಳಿಸಬೇಕಾದ್ದನ್ನು ಇಳಿಸಿಬಿಟ್ಟಿದ್ದಾರೆ. ಬಾಡಿಯಲ್ಲಿ ಕೆರೆದು ತೆಗೆಯೋಕೆ ಏನೂ ಉಳಿದಿಲ್ಲ. ನಿಮ್ಮ ಕಾರಿನ ಕೊಬ್ಬು ಫ್ಯಾಕ್ಟರಿಯದ್ದಲ್ಲ, ಆಕ್ಸೆಸರಿ ಅಂಗಡಿಯದ್ದು. ಮೊದಲು ಅದನ್ನು ಇಳಿಸಿ.

ಕೆಲಸ ಶುರು ಮಾಡೋ ಮುಂಚೆ ತೂಕ ಹಾಕೋ ವ್ಯವಸ್ಥೆ ಮಾಡ್ಕೊಳ್ಳಿ. ಲಾರಿ ವೇಬ್ರಿಡ್ಜ್‌ಗೆ ಹೋದರೆ ಅದು 5 ಅಥವಾ 10 ಕೆಜಿ ಲೆಕ್ಕದಲ್ಲಿ ತೋರಿಸುತ್ತೆ. ನೀವು ಮ್ಯಾಟ್ ತೆಗೆದಿದ್ದು ಅದಕ್ಕೆ ಗೊತ್ತೇ ಆಗಲ್ಲ. ವೇಬ್ರಿಡ್ಜ್ ಮೇಲೆ ಮೊದಲೊಮ್ಮೆ, ಎಲ್ಲ ಮುಗಿದ ಮೇಲೆ ಒಮ್ಮೆ ಹತ್ತಿಸಿ. ಎರಡೂ ಸಲ ಟ್ಯಾಂಕ್ ಫುಲ್ ಇರಲಿ, ಒಳಗೆ ಯಾರೂ ಇರಬಾರದು. ಬಿಡಿಬಿಡಿ ಸಾಮಾನಿಗೆ ಮನೇಲಿರೋ ಬಾತ್‌ರೂಮ್ ಸ್ಕೇಲೇ ಸಾಕು: ಬರೀ ನೀವು ನಿಂತಾಗ ಎಷ್ಟು, ವೀಲ್ ಹಿಡಿದು ನಿಂತಾಗ ಎಷ್ಟು ಅಂತ ನೋಡಿ ಕಳೆಯಿರಿ. ಲಗೇಜ್ ತೂಗೋ ಕೊಕ್ಕೆ ಸ್ಕೇಲ್ ಇದ್ದರೆ ಇನ್ನೂ ಸಲೀಸು. ಕೆಳಗೆ ಕೊಟ್ಟಿರೋದು ಅಂದಾಜು. ನಿಮ್ಮ ಸಾಮಾನಿನ ತೂಕ ನೀವೇ ಬರೆದಿಟ್ಟುಕೊಳ್ಳಿ.

ಸಬ್‌ವೂಫರ್: ಎಂಡಿಎಫ್ ಬಾಕ್ಸ್ 10–12 ಕೆಜಿ, ಸ್ಪೀಕರ್ 5–7, ಆಂಪ್ ಮತ್ತು ವೈರು 3–4. ಎಲ್ಲ ಸೇರಿ 18–23 ಕೆಜಿ ಆಗುತ್ತೆ. ಇದರ ಬದಲು ಸೀಟಿನ ಕೆಳಗೆ ಕೂರೋ, ಆಂಪ್ ಒಳಗೇ ಇರೋ ಚಿಕ್ಕ ಸಬ್ ಹಾಕಿದರೆ 4–5 ಕೆಜಿಯಲ್ಲಿ ಮುಗೀತು, ಡಿಕ್ಕಿಯೂ ಖಾಲಿ. ತೆಗೆಯುವಾಗ ಮೊದಲು ಬಿಚ್ಚಬೇಕಾದ್ದು ಬ್ಯಾಟರಿ ಕಡೆಯ ಪವರ್ ಕೇಬಲ್, ಡಿಕ್ಕಿ ಕಡೆಯದ್ದಲ್ಲ. ಬಹಳ ಜನ ಹಿಂದೆ ಬಿಚ್ಚಿ, ಟೇಪ್ ಸುತ್ತಿ, ಕಾರ್ಪೆಟ್ ಕೆಳಗೆ ತಳ್ಳಿ ಬಿಡ್ತಾರೆ. ಬ್ಯಾಟರಿಗೆ ನೇರ ಸೇರಿದ ದಪ್ಪ ಕೇಬಲ್ ಅದು. ಸೀಟ್ ರೈಲಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿ ಹತ್ತೋಕೆ ಕ್ಷಣ ಸಾಕು, ಅದರಲ್ಲೂ ಬ್ಯಾಟರಿ ಹತ್ತಿರ ಫ್ಯೂಸ್ ಹಾಕಿರದಿದ್ದರೆ. ಕೇಬಲ್ ಪೂರ್ತಿ ಎಳೆದು ತೆಗೆಯಿರಿ. ಅದು ಫೈರ್‌ವಾಲ್ ದಾಟಿದ್ದ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ ಮುಚ್ಚಿ, ಇಲ್ಲದಿದ್ದರೆ ಮಳೆನೀರು ಕಾಲಡಿಗೆ ಬರುತ್ತೆ.

ಬಂಪರ್ ಗಾರ್ಡ್: 10–15 ಕೆಜಿ, ಅದೂ ಮುಂದಿನ ಚಕ್ರಕ್ಕಿಂತ ಮುಂದೆ ನೇತಾಡೋ ತೂಕ. ಇದನ್ನು ಮೈಲೇಜಿಗೋಸ್ಕರ ಅಲ್ಲದಿದ್ದರೂ ತೆಗೆಯಲೇಬೇಕು. ಗಾರ್ಡ್ ನೇರ ಚಾಸಿಸ್ ತುದಿಗೆ ಬೋಲ್ಟ್ ಆಗಿರುತ್ತೆ. ಗುದ್ದಿದಾಗ ಬಂಪರ್ ಹಿಂದಿನ ಭಾಗ ಕ್ರಮವಾಗಿ ಮುದುಡಿ ಪೆಟ್ಟು ಹೀರಬೇಕು. ಗಾರ್ಡ್ ಇದ್ದರೆ ಆ ಪೆಟ್ಟು ನೇರ ಒಳಗೆ ಸಾಗುತ್ತೆ, ಏರ್‌ಬ್ಯಾಗ್ ತೆರೆಯೋ ಹೊತ್ತಿನ ಲೆಕ್ಕವೂ ತಪ್ಪಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಬಿಚ್ಚಿದ ಮೇಲೆ ಬಂಪರ್‌ನ ಒಳಗಿನ ಬ್ರಾಕೆಟ್, ಕ್ಲಿಪ್ ನೋಡಿ. ಗಾರ್ಡ್ ಕೂರಿಸೋಕೆ ಅಂಗಡಿಯವರು ಅಲ್ಲಿ ಪ್ಲಾಸ್ಟಿಕ್ ಕೊಯ್ದಿರೋದು ಮಾಮೂಲು.

ಇಂಜಿನ್ ಗಾರ್ಡ್: 3 ಎಂಎಂ ಸ್ಟೀಲ್ ಶೀಟ್ ಚದರ ಮೀಟರಿಗೆ 23.5 ಕೆಜಿ. 60 ಸೆಂಟಿಮೀಟರ್ ಅಗಲ, 70 ಉದ್ದ ಅಂದರೆ 10 ಕೆಜಿ ಹತ್ತಿರ. ಅದೇ ಅಳತೆ 4 ಎಂಎಂ ಅಲ್ಯೂಮಿನಿಯಂನಲ್ಲಿ ನಾಲ್ಕೂವರೆ ಕೆಜಿ. ಬರೀ ಬೆಂಗಳೂರಾದರೆ ಕಂಪನಿಯ ಪ್ಲಾಸ್ಟಿಕ್ ಕವರ್ ಸಾಕು. ಊರಿನ ರಸ್ತೆ ಹೇಗಿದೆ ಅಂತ ನೋಡಿ ನಿರ್ಧರಿಸಿ.

ಕ್ಯಾರಿಯರ್ 5 ಕೆಜಿ ಚಿಲ್ಲರೆ ಇರಬಹುದು, ಆದರೆ ಅದರ ಸಮಸ್ಯೆ ತೂಕಕ್ಕಿಂತ ಗಾಳಿ. ನೆಲಮಂಗಲ ದಾಟಿ 80–90ರಲ್ಲಿ ಹೋಗುವಾಗ ಖಾಲಿ ಕ್ಯಾರಿಯರೂ ಪೆಟ್ರೋಲ್ ಕುಡಿಯುತ್ತೆ. ಬೇಕಾದಾಗ ಹಾಕಿ, ಬೇಡವಾದಾಗ ಬಿಚ್ಚಿಡಿ.

ಸೀಟ್ ಕವರ್ ಸೆಟ್ 5–7 ಕೆಜಿ, 7ಡಿ ಮ್ಯಾಟ್ 4–6. ಮ್ಯಾಟ್ ಜಾಗಕ್ಕೆ ಸಾದಾ ರಬ್ಬರ್ ಹಾಕಿ, ಡ್ರೈವರ್ ಕಡೆಯದ್ದು ಕೊಕ್ಕೆಗೆ ಸಿಕ್ಕಿಸಿರಲಿ, ಪೆಡಲ್ ಕೆಳಗೆ ಜಾರಬಾರದು. ಕವರ್ ತೆಗೆದರೆ ಒಳಗಿನ ಬಟ್ಟೆ ಹೊಸದರಂತೆ ಇರುತ್ತೆ, ಅದೊಂದು ಉಪಲಾಭ.

ಇಷ್ಟು ಮಾಡಿದರೆ 45 ಕೆಜಿ ಇಳಿದಿರುತ್ತೆ. ಖರ್ಚು ಚಿಕ್ಕ ಸಬ್‌ದು ಮಾತ್ರ, ಹಳೇದನ್ನು ಮಾರಿದರೆ ಅದೂ ಅಷ್ಟಕ್ಕಷ್ಟೆ.

ಸ್ಟೆಪ್ನಿ ವಿಷಯ: 14 ಇಂಚಿನ ಸ್ಟೀಲ್ ರಿಮ್, ಟೈರ್ ಸೇರಿ 13–14 ಕೆಜಿ, ಜಾಕ್ ಮತ್ತು ಪಾನ ಇನ್ನೊಂದು 2–3. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು 12 ವೋಲ್ಟ್ ಏರ್ ಪಂಪ್ ಸೇರಿ 2 ಕೆಜಿ ಆಸುಪಾಸು. ನಗರದೊಳಗೆ ಮಾತ್ರ ಓಡಾಡೋ ವಾರಗಳಲ್ಲಿ ಸ್ಟೆಪ್ನಿ ಮನೇಲಿರಲಿ ಅಂದರೆ ನಾನು ಬೇಡ ಅನ್ನಲ್ಲ. ಆದರೆ ಕಿಟ್ ನಡೆಯೋದು ಮೊಳೆ ಚುಚ್ಚಿದ ತೂತಿಗೆ, ಅದೂ ನೆಲಕ್ಕೆ ತಾಗೋ ಭಾಗದಲ್ಲಿ ಇದ್ದರೆ. ಸೈಡ್‌ವಾಲ್ ಸೀಳಿದರೆ ಕಿಟ್ ಇದ್ದೂ ಇಲ್ಲದ ಹಾಗೇ.

---

ಲೆಕ್ಕ_ಪಕ್ಕಾ:

ವ್ಯತ್ಯಾಸ ಎಷ್ಟು ಅನ್ನೋ ಪ್ರಶ್ನೆಗೆ ಉತ್ತರ. 50 ಕೆಜಿ ಇಳಿಸಿದ್ರಿ ಅಂತಿಟ್ಟುಕೊಳ್ಳಿ.

ಪಿಕಪ್: ಇಂಜಿನ್ 83 ಪಿಎಸ್. ಕಾರು, ಡ್ರೈವರ್, ಪೆಟ್ರೋಲ್, ಆ ಎಲ್ಲ ಆಕ್ಸೆಸರಿ ಸೇರಿ ಓಡೋ ತೂಕ ಸಾವಿರ ಕೆಜಿಯ ಆಸುಪಾಸು. ಅದರಲ್ಲಿ 50 ಹೋದರೆ ಶೇಕಡ 5. ಅದೇ ಶಕ್ತಿ, 5 ಪರ್ಸೆಂಟ್ ಕಡಿಮೆ ತೂಕ: ಸೊನ್ನೆಯಿಂದ ನೂರಕ್ಕೆ 12 ಸೆಕೆಂಡ್ ತಗೊಳ್ತಿದ್ದ ಕಾರು ಅರ್ಧ ಸೆಕೆಂಡಿನಷ್ಟು ಬೇಗ ಮುಟ್ಟುತ್ತೆ. ಸ್ಟಾಪ್‌ವಾಚಿನಲ್ಲಿ ಚಿಕ್ಕದು. ಆದರೆ ಎರಡನೇ ಗೇರಿನಲ್ಲಿ ಫ್ಲೈಓವರ್ ಹತ್ತುವಾಗ, ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತೆ. ನಾಲ್ಕು ಜನ ಕೂತರೆ ಆ 50 ಕೆಜಿ ಪೂರ್ತಿ ಮಾಯ, ಅದನ್ನೂ ನೆನಪಿಟ್ಟುಕೊಳ್ಳಿ.

ಮೈಲೇಜ್, ಟ್ರಾಫಿಕ್‌ನಲ್ಲಿ: 50 ಕೆಜಿಯನ್ನು ನಿಂತಲ್ಲಿಂದ 40 ಕಿ.ಮೀ. ವೇಗಕ್ಕೆ ತರೋಕೆ ಸುಮಾರು 3.1 ಕಿಲೋಜೂಲ್ ಬೇಕು. ಬ್ರೇಕ್ ಒತ್ತಿದಾಗ ಅದು ಬಿಸಿಯಾಗಿ ಹೋಗುತ್ತೆ, ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಕೊಡಬೇಕು. ಇಂಜಿನ್ ದಕ್ಷತೆ ಶೇಕಡ 25 ಅಂದರೆ ಒಂದು ಲೀಟರ್ ಪೆಟ್ರೋಲಿನಿಂದ ಚಕ್ರಕ್ಕೆ ಸಿಗೋದು 8 ಮೆಗಾಜೂಲ್ ಹತ್ತಿರ. ಹಾಗಾಗಿ ಒಂದು ಸಲ ನಿಂತು ಹೊರಟರೆ 0.4 ಮಿ.ಲೀ. ಕಿಲೋಮೀಟರಿಗೆ ಮೂರು ಸಲ ನಿಂತರೆ 1.2 ಮಿ.ಲೀ. ಟೈರ್ ಉರುಳೋ ಪ್ರತಿರೋಧಕ್ಕೆ ಇನ್ನೊಂದು 0.7. ಒಟ್ಟು 1.9 ಮಿ.ಲೀ. ಲೀಟರಿಗೆ 14 ಕೊಡೋ ಕಾರು ಕಿಲೋಮೀಟರಿಗೆ 71 ಮಿ.ಲೀ. ಕುಡಿಯುತ್ತೆ. ಅಲ್ಲಿಗೆ ಉಳಿತಾಯ ಶೇಕಡ ಎರಡೂವರೆ ಆಸುಪಾಸು: 14 ಇದ್ದದ್ದು 14.4 ಆಗಬಹುದು.

ಹೈವೇಯಲ್ಲಿ ನಿಂತು ಹೊರಡೋದು ಇಲ್ಲ, ಉಳಿಯೋದು ಉರುಳೋ ಪ್ರತಿರೋಧ ಮಾತ್ರ. ಅಲ್ಲಿ ಶೇಕಡ 1 ಚಿಲ್ಲರೆ. ಅಮೆರಿಕದ ಇಂಧನ ಇಲಾಖೆಯವರು ಜನಸಾಮಾನ್ಯರಿಗೆ ಹೇಳೋ ಲೆಕ್ಕವೂ ಇದೇ: 45 ಕೆಜಿ ಹೆಚ್ಚಾದರೆ ಮೈಲೇಜ್ ಸುಮಾರು ಶೇಕಡ 1 ಇಳಿಯುತ್ತೆ. ಹೈವೇಯಲ್ಲಿ ಹಳೇ_ಸ್ಪ್ಯಾನರ್ ಹೇಳಿದ ಆ ಕ್ಯಾರಿಯರ್ ಬಿಚ್ಚೋದರಿಂದ ಸಿಗೋ ಲಾಭ ಉಳಿದ ಎಲ್ಲದಕ್ಕಿಂತ ದೊಡ್ಡದಾದರೂ ಆಶ್ಚರ್ಯವಿಲ್ಲ.

ದುಡ್ಡಿನ ಲೆಕ್ಕ: ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ 14, ಅಂದರೆ 857 ಲೀಟರ್. ಶೇಕಡ ಎರಡೂವರೆ ಉಳಿದರೆ 21 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 2,100 ರೂಪಾಯಿ. ಪ್ರತಿ ಕೆಜಿಗೆ ವರ್ಷಕ್ಕೆ 42 ರೂಪಾಯಿ ಬಂತು. ಯಾರಾದರೂ 'ಈ ಪಾರ್ಟ್ 5 ಕೆಜಿ ಕಡಿಮೆ, ಬರೀ ಇಪ್ಪತ್ತು ಸಾವಿರ' ಅಂದಾಗ ಈ 42ನ್ನು ನೆನಪಿಸಿಕೊಳ್ಳಿ. ಬಿಚ್ಚಿ ಮನೇಲಿಡೋದರಿಂದ ಬರೋ ಲಾಭಕ್ಕೆ ಖರ್ಚಿಲ್ಲ, ಕೊಂಡು ಇಳಿಸೋ ತೂಕಕ್ಕೆ ಅರ್ಥವಿಲ್ಲ.

ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ ಅನ್ನೋ ಸಲಹೆಯೂ ಓಡಾಡುತ್ತೆ. 37 ಲೀಟರ್ ಟ್ಯಾಂಕ್ ತುಂಬಿದರೆ 27–28 ಕೆಜಿ. ಅರ್ಧ ಹಾಕಿಸಿದರೆ 14 ಉಳೀತು. ಆದರೆ ಬಂಕಿಗೆ ಹೋಗೋದು ದುಪ್ಪಟ್ಟಾಗುತ್ತೆ, ಅದರ ಸುತ್ತು, ಕ್ಯೂನಲ್ಲಿ ಐಡ್ಲಿಂಗ್ ಎಲ್ಲ ಸೇರಿದರೆ ಲಾಭ ಅಲ್ಲಿಗಲ್ಲಿಗೆ. ತೀರಾ ತಳಕ್ಕೆ ಇಳಿಸೋದಂತೂ ಬೇಡ, ಟ್ಯಾಂಕಿನೊಳಗಿನ ಪಂಪ್ ತಣ್ಣಗಿರೋದೇ ಪೆಟ್ರೋಲಿನಿಂದ.

ಅಳೆಯೋ ಕ್ರಮ: ಒಂದೇ ಬಂಕ್, ಒಂದೇ ಪಂಪ್, ಮೊದಲ ಆಟೋ ಕಟ್‌ಗೆ ನಿಲ್ಲಿಸಿ. ಟ್ಯಾಂಕಿನಿಂದ ಟ್ಯಾಂಕಿಗೆ, ಕನಿಷ್ಠ ಮೂರು ಟ್ಯಾಂಕಿನ ಸರಾಸರಿ. ಡ್ಯಾಶ್‌ಬೋರ್ಡ್ ತೋರಿಸೋ ಸಂಖ್ಯೆ ನಂಬಬೇಡಿ. ಶೇಕಡ ಎರಡು ಅನ್ನೋದು ಟೈರ್ ಗಾಳಿ ಕಡಿಮೆಯಾದರೂ, ಎಸಿ ಒಂದು ಪಾಯಿಂಟ್ ಏರಿಸಿದರೂ ಮುಚ್ಚಿಹೋಗೋ ಅಷ್ಟು ಸಣ್ಣದು. ಹಾಗಾಗಿ ಗಾಳಿ ಮೊದಲು ಸರಿ ಮಾಡಿ ಆಮೇಲೆ ಅಳೆಯಿರಿ, ಇಲ್ಲದಿದ್ದರೆ ಯಾವುದರ ಫಲ ಯಾವುದಕ್ಕೋ ಸೇರುತ್ತೆ.

---

ರಿಮ್_ರಬ್ಬರ್:

ನಾನು ವೀಲ್ ಬಗ್ಗೆ ಮಾತ್ರ ಹೇಳ್ತೀನಿ. 'ಚಕ್ರದಲ್ಲಿ 1 ಕೆಜಿ ಇಳಿದರೆ ಬಾಡಿಯಲ್ಲಿ 4 ಕೆಜಿ ಇಳಿದ ಹಾಗೆ' ಅಂತ ಎಲ್ಲ ಕಡೆ ಬರೆದಿರುತ್ತೆ, ಕೆಲವರು 10 ಅಂತಲೂ ಬರೀತಾರೆ. ಶುದ್ಧ ಸುಳ್ಳು. ಪಿಕಪ್ ಲೆಕ್ಕದಲ್ಲಿ ಎರಡರ ಮೇಲೆ ಹೋಗೋಕೆ ಸಾಧ್ಯವೇ ಇಲ್ಲ. ಇಡೀ ತೂಕ ಟೈರಿನ ಹೊರ ಅಂಚಿನಲ್ಲೇ ಇದ್ದರೆ ಸರಿಯಾಗಿ ಎರಡು, ಒಳಗೆ ಬಂದಷ್ಟೂ ಕಡಿಮೆ. ಸ್ವಿಫ್ಟ್ ಟೈರಿನ ತ್ರಿಜ್ಯ 310 ಎಂಎಂ. 14 ಇಂಚಿನ ರಿಮ್‌ನ ಅಂಚು 178 ಎಂಎಂ ದೂರದಲ್ಲಿದೆ. 178ನ್ನು 310ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಒಂದಕ್ಕೆ ಕೂಡಿದರೆ ರಿಮ್‌ನಲ್ಲಿ ಉಳಿಸಿದ 1 ಕೆಜಿ ಹೆಚ್ಚೆಂದರೆ 1.3 ಕೆಜಿಗೆ ಸಮ. ಟೈರಿನಲ್ಲಿ ಉಳಿಸಿದ್ದು 1.7–1.8. ಅಂದರೆ ಜನ ದುಡ್ಡು ಸುರಿಯೋ ರಿಮ್‌ಗಿಂತ ಟೈರಿನ ತೂಕಕ್ಕೆ ಬೆಲೆ ಜಾಸ್ತಿ, ಅದನ್ನು ಯಾರೂ ತೂಗಲ್ಲ.

ಚಕ್ರ ಹಗುರವಾದರೆ ಸಿಗೋ ದೊಡ್ಡ ಲಾಭ ಬೇರೆ: ಸ್ಪ್ರಿಂಗ್‌ನ ಕೆಳಗಿರೋ ತೂಕ ಕಡಿಮೆಯಾಗಿ, ಹಂಪ್ ಮತ್ತು ಗುಂಡಿಯಲ್ಲಿ ಚಕ್ರ ಬೇಗ ನೆಲಕ್ಕೆ ವಾಪಸ್ ಬರುತ್ತೆ. ಸ್ಟಿಯರಿಂಗ್‌ನಲ್ಲೂ, ಒಳಗೆ ಕೂತವರಿಗೂ ಅದು ಗೊತ್ತಾಗುತ್ತೆ.

ಈಗ ನಿಮ್ಮ ಕಾರಿಗೆ ಬರೋಣ. 16 ಇಂಚಿನ ಸಾಧಾರಣ ಕಾಸ್ಟ್ ಅಲಾಯ್ 9–10 ಕೆಜಿ, 195/55 ಟೈರ್ 8 ಅಥವಾ ಸ್ವಲ್ಪ ಹೆಚ್ಚು. ಒಂದು ಮೂಲೆಗೆ 17–18. ವಿಎಕ್ಸ್‌ಐ ಜೊತೆ ಬಂದಿದ್ದ 14 ಇಂಚಿನ ಸ್ಟೀಲ್ ರಿಮ್, 165/80 ಟೈರ್ ಸೇರಿ 13–14. ಅಂದರೆ ಹಿಂದಿನ ಓನರ್ ದುಡ್ಡು ಕೊಟ್ಟು ನಾಲ್ಕು ಮೂಲೆಗೆ 16 ಕೆಜಿ ಏರಿಸಿದ್ದಾರೆ. ಫ್ಲೋ ಫಾರ್ಮ್ಡ್ (ಎರಕ ಹೊಯ್ದ ಮೇಲೆ ರೋಲರ್‌ನಲ್ಲಿ ಒತ್ತಿ ತೆಳ್ಳಗೆ, ಗಟ್ಟಿ ಮಾಡಿದ) 15 ಇಂಚಿನ ಒಳ್ಳೆ ರಿಮ್ ಆರು ಕೆಜಿಯೊಳಗೆ ಸಿಗುತ್ತೆ, ಅದಕ್ಕೆ 185/65 ಟೈರ್ 8 ಕೆಜಿ ಸೇರಿದರೆ ಮತ್ತೆ 14. ಹತ್ತಾರು ಸಾವಿರ ಕೊಟ್ಟು ತಲುಪೋದು ಹಳೇ ಸ್ಟೀಲ್ ರಿಮ್ ಇದ್ದ ಜಾಗಕ್ಕೇ. ಹಿಡಿತ ಮತ್ತು ತಿರುವಿನ ಖುಷಿ ಬೇಕು ಅಂದರೆ 15 ಇಂಚಿಗೆ ಹೋಗಿ, ಅದು ಒಳ್ಳೆ ಕಾರಣ. ತೂಕ ಮಾತ್ರ ಗುರಿಯಾದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಟೀಲ್ ರಿಮ್ ಸೆಟ್ ಹುಡುಕಿ. ನೋಡೋಕೆ ಸಪ್ಪೆ, ನಿಜ.

ವ್ಯಾಸ: 165/80 ಆರ್14 ಅಂದರೆ 620 ಎಂಎಂ, 185/65 ಆರ್15 ಅಂದರೆ 621.5, ನಿಮ್ಮ 195/55 ಆರ್16 ಅಂದರೆ 621. ಮೂರೂ ಒಂದೇ, ಸ್ಪೀಡೋಮೀಟರ್ ಕೆಡಲ್ಲ. ಇದರಿಂದಾಗಿ 14 ಇಂಚಿನ ಸ್ಟೆಪ್ನಿಯನ್ನು ತುರ್ತಿಗೆ ಹಾಕಿಕೊಂಡು ಟೈರ್ ಅಂಗಡಿವರೆಗೆ ನಿಧಾನಕ್ಕೆ ಹೋಗಬಹುದು.

ಕೈಕೊಡೋ ಜಾಗಗಳು:

ಪಿಸಿಡಿ 4x100 (100 ಎಂಎಂ ವ್ಯಾಸದ ವೃತ್ತದ ಮೇಲೆ ನಾಲ್ಕು ನಟ್), ನಡುವಿನ ತೂತು 54.1 ಎಂಎಂ. ಹೊರಗಿನ ಅಲಾಯ್‌ಗಳಲ್ಲಿ ನಡುವಿನ ತೂತು ದೊಡ್ಡದಿರುತ್ತೆ. ಆ ಸಂದು ತುಂಬೋ ಸರಿಯಾದ ಬಳೆ, ಅಂದರೆ ಹಬ್ ರಿಂಗ್, ಹಾಕದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ 90ರಲ್ಲಿ ಸ್ಟಿಯರಿಂಗ್ ನಡುಗುತ್ತೆ.

ನಟ್ ಬದಲಿಸೋಕೆ ಮರೆಯಬೇಡಿ. ಅಲಾಯ್ ನಟ್, ಸ್ಟೀಲ್ ರಿಮ್ ನಟ್ ಎರಡರ ಕೂರೋ ಭಾಗದ ಆಕಾರ ಬೇರೆ ಇರಬಹುದು. ಕೂತ ಹಾಗೆ ಕಂಡರೂ ಓಡುತ್ತಾ ಸಡಿಲ ಆಗುತ್ತೆ. ಅಲಾಯ್ ಇಟ್ಟುಕೊಂಡವರು ಸ್ಟೆಪ್ನಿಗೆ ಬೇಕಾದ ನಾಲ್ಕು ನಟ್ ಡಿಕ್ಕಿಯಲ್ಲಿ ಇಟ್ಟಿರಲೇಬೇಕು.

ಟೈರಿನ ಲೋಡ್ ಇಂಡೆಕ್ಸ್ ಕಂಪನಿ ಕೊಟ್ಟಿದ್ದಕ್ಕಿಂತ ಇಳಿಸಬೇಡಿ. ಇಂಡೆಕ್ಸ್ 85 ಅಂದರೆ ಒಂದು ಟೈರಿಗೆ 515 ಕೆಜಿ. ಹಗುರ ಸಿಕ್ಕಿತು ಅಂತ ಕಡಿಮೆ ಇಂಡೆಕ್ಸಿನದ್ದು ಹಾಕಿ, ಹಿಂದೆ ಮೂರು ಜನ, ಡಿಕ್ಕಿ ತುಂಬ ಲಗೇಜ್ ಅಂದಾಗ ಸೈಡ್‌ವಾಲ್ ಬಿಸಿಯಾಗುತ್ತೆ.

ಹೆಸರಿಲ್ಲದ 'ಲೈಟ್‌ವೆಯ್ಟ್' ರಿಮ್ ಗುಂಡಿಗೆ ಬಿದ್ದರೆ ಬಾಗಲ್ಲ, ಬಿರಿಯುತ್ತೆ. ಸ್ಟೀಲ್ ಬಾಗುತ್ತೆ, ಬಡಿದು ನೇರ ಮಾಡಬಹುದು. ನಮ್ಮ ಔಟರ್ ರಿಂಗ್ ರೋಡಿಗೆ ಇದೇ ದೊಡ್ಡ ವಾದ.

---

ಬಿಳಿ_ಸ್ವಿಫ್ಟ್:

ಎಲ್ಲರಿಗೂ ಥ್ಯಾಂಕ್ಸ್. ಆಕ್ಸೆಸರಿ ಎಲ್ಲ ತೆಗೆಸೋದು ಪಕ್ಕಾ. ಇನ್ನೂ ಮೂರು: ಒಬ್ಬನೇ ಓಡಾಡೋ ದಿನಗಳಿಗೆ ಹಿಂದಿನ ಸೀಟ್ ಬಿಚ್ಚಿಡಬಹುದಾ? ಲಿಥಿಯಂ ಬ್ಯಾಟರಿ ಹೇಗೆ? ಸೈಲೆನ್ಸರ್ ಹಗುರದ್ದು ಹಾಕಿಸಿದರೆ? ಡೋರ್, ನೆಲದ ಡ್ಯಾಂಪಿಂಗ್ ಶೀಟ್ (ಸದ್ದು, ನಡುಕ ತಗ್ಗಿಸೋ ಹಾಳೆ) ಕೀಳೋ ವಿಡಿಯೋಗಳೂ ಇವೆ, ಅದರ ಬಗ್ಗೆಯೂ ಹೇಳಿ.

---

ಆರ್‌ಸಿ_ಬುಕ್:

ಹಿಂದಿನ ಸೀಟ್ ಬೇಡ. ಕೂರೋ ಭಾಗ, ಒರಗೋ ಭಾಗ ಸೇರಿ 20–25 ಕೆಜಿ ಸಿಗುತ್ತೆ, ಆಸೆ ಹುಟ್ಟೋದು ಸಹಜ. ಆದರೆ ಆರ್‌ಸಿಯಲ್ಲಿ ಸೀಟಿಂಗ್ ಕೆಪಾಸಿಟಿ 5 ಅಂತಲೇ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ವಾಹನಕ್ಕೂ ವ್ಯತ್ಯಾಸ ಬರೋ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕ ಅಕ್ರಮವಾಗಿ ಬದಲಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದಾಗ ಸರ್ವೆಯರ್ ಕಣ್ಣಿಗೆ ಬಿದ್ದರೆ ಕ್ಲೇಮಿಗೂ ತಕರಾರು ಬರಬಹುದು.

ಕಾನೂನು ಪಕ್ಕಕ್ಕಿಟ್ಟರೂ, ಒರಗೋ ಭಾಗ ಡಿಕ್ಕಿಯ ಸಾಮಾನಿಗೆ ಗೋಡೆ ಇದ್ದ ಹಾಗೆ. ಅದಿಲ್ಲದೆ ಜೋರಾಗಿ ಬ್ರೇಕ್ ಹೊಡೆದರೆ ಜಾಕ್, ಪಂಪ್ ಎಲ್ಲ ನಿಮ್ಮ ಬೆನ್ನಿಗೆ ಬರುತ್ತೆ. ಇನ್ನೊಂದು, ಸ್ವಿಫ್ಟ್‌ನ ಹಿಂಭಾಗ ಮೊದಲೇ ಹಗುರ. ಸಬ್, ಸ್ಟೆಪ್ನಿ, ಸೀಟ್ ಮೂರೂ ಹೋದರೆ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರದ ಮೇಲೆ ಭಾರವೇ ಇರಲ್ಲ. ನಿಮ್ಮದರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಇಬಿಡಿ (ಮುಂದೆ, ಹಿಂದೆ ಬ್ರೇಕ್ ಬಲ ಹಂಚೋದು) ಇರೋದರಿಂದ ಅದು ಸಂಭಾಳಿಸುತ್ತೆ. ಎಬಿಎಸ್ ಇಲ್ಲದ ಹಳೇ ಕಾರಿನವರು ಇದನ್ನು ಓದಿ ಸೀಟ್ ಬಿಚ್ಚೋಕೆ ಹೋಗಬೇಡಿ, ಒದ್ದೆ ರಸ್ತೆಯಲ್ಲಿ ಹಿಂಭಾಗ ಮುಂದಕ್ಕೆ ಬರುತ್ತೆ.

ಮುಂದಿನ ಸೀಟ್ ನೀವು ಕೇಳಿಲ್ಲ, ಮುಂದೆ ಯಾರಾದರೂ ಕೇಳ್ತಾರೆ ಅಂತ ಈಗಲೇ ಹೇಳ್ತೀನಿ. ಫೈಬರ್ ಬಕೆಟ್ ಸೀಟ್ ಹಾಕಿದರೆ ಒಂದಕ್ಕೆ 5–7 ಕೆಜಿ ಉಳಿದೀತು. ಆದರೆ ಬೆಲ್ಟ್ ಬಕಲ್, ಅದರ ವೈರು ಎಲ್ಲ ಮೂಲ ಸೀಟಿಗೆ ಸೇರಿದ್ದು. ಬಿಚ್ಚಿದರೆ ವಾರ್ನಿಂಗ್ ಲೈಟ್ ಹತ್ತಬಹುದು. ಅಂಗಡಿಯವರು ರೆಸಿಸ್ಟರ್ ಹಾಕಿ ಲೈಟ್ ಆರಿಸಿ ಕೊಡ್ತಾರೆ, ಅಂದರೆ ಕಂಪ್ಯೂಟರ್‌ಗೆ ಸುಳ್ಳು ಹೇಳಿ ಕಳಿಸ್ತಾರೆ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕ್ರ್ಯಾಶ್ ಪರೀಕ್ಷೆಯಲ್ಲಿ ಈ ಸ್ವಿಫ್ಟ್‌ಗೆ ಸಿಕ್ಕಿದ್ದು 2 ಸ್ಟಾರ್, ಬಾಡಿಶೆಲ್ ಅಸ್ಥಿರ ಅಂತ ವರದಿ. ಇರೋ ಅಷ್ಟು ರಕ್ಷಣೆಯಲ್ಲಿ ಬೆಲ್ಟ್, ಏರ್‌ಬ್ಯಾಗ್, ಡೋರಿನೊಳಗಿನ ಬೀಮ್, ಬಂಪರ್ ಹಿಂದಿನ ಬೀಮ್ ಯಾವುದಕ್ಕೂ ಕೈ ಹಾಕಬಾರದು.

ಲಿಥಿಯಂ ಬ್ಯಾಟರಿ: ಈಗಿರೋ 35 ಎಎಚ್ ಲೆಡ್ ಬ್ಯಾಟರಿ 9–10 ಕೆಜಿ. ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ ಐದಾರು ಕೆಜಿ ಉಳಿಯುತ್ತೆ. ಮೇಲಿನ 42 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 250 ರೂಪಾಯಿ. ತೊಂದರೆ ಏನಂದರೆ ಬ್ಯಾಟರಿ ಇರೋದು ಇಂಜಿನ್ ಪಕ್ಕದಲ್ಲಿ. ಬೇಸಿಗೆ ಟ್ರಾಫಿಕ್‌ನಲ್ಲಿ ಬಾನೆಟ್ ಒಳಗಿನ ಶಾಖಕ್ಕೆ ಲಿಥಿಯಂ ಸೆಲ್ ಬೇಗ ಮುದಿಯಾಗುತ್ತೆ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಬಿಸಿಗೆ ಅಥವಾ ಓವರ್ ವೋಲ್ಟೇಜಿಗೆ ಕಟ್ ಆದರೆ ಓಡುತ್ತಿರೋ ಆಲ್ಟರ್ನೇಟರ್‌ಗೆ ಬ್ಯಾಟರಿಯೇ ಇಲ್ಲದ ಹಾಗಾಗಿ ವೋಲ್ಟೇಜ್ ಎಗರುತ್ತೆ, ಇಸಿಯುಗೆ (ಇಂಜಿನ್ ಕಂಪ್ಯೂಟರ್‌ಗೆ) ಪೆಟ್ಟು. ಟ್ರ್ಯಾಕ್ ಕಾರಿಗೆ ಸರಿ, ದಿನಾ ಓಡಿಸೋದಕ್ಕೆ ಬೇಡ.

ಸೈಲೆನ್ಸರ್: ಹಿಂದಿನ ಮಫ್ಲರ್ ಬದಲಿಸಿದರೆ ಎರಡು ಮೂರು ಕೆಜಿ. ಜೊತೆಗೆ ಶಬ್ದ, ಪೊಲೀಸರು, ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ನೆರೆಯವರ ಮುಖ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸೋ ಮಾತೇ ಬೇಡ: ಚೆಕ್ ಇಂಜಿನ್ ಲೈಟ್ ಹತ್ತುತ್ತೆ, ಎಮಿಷನ್ ಟೆಸ್ಟ್ ಫೇಲ್.

ಡ್ಯಾಂಪಿಂಗ್ ಶೀಟ್: ಕಂಪನಿ ನೆಲಕ್ಕೆ ಅಂಟಿಸಿರೋ ಬಿಟುಮೆನ್ ಪೂರ್ತಿ ಕೆರೆದರೂ ಸಿಗೋದು ಕೆಲವೇ ಕೆಜಿ. ಡ್ರೈ ಐಸ್ ಹಾಕಿ ಸುತ್ತಿಗೆಯಲ್ಲಿ ತಟ್ಟಬೇಕು, ಸೀಟ್, ಕಾರ್ಪೆಟ್ ಎಲ್ಲ ಹೊರಗೆ. ಆಮೇಲೆ ರಸ್ತೆಯ ಸದ್ದೆಲ್ಲ ಒಳಗೆ, ನೆಲದಿಂದ ಬಿಸಿ ಬೇರೆ. ಪೇಂಟ್ ಗೀರಿದಲ್ಲಿ ತುಕ್ಕು ಶುರು. ಆದರೆ ಹಿಂದಿನ ಓನರ್ ಡೋರಿಗೆ ಬ್ಯೂಟೈಲ್ ಶೀಟ್ ಹಾಕಿಸಿದ್ದಾರಾ ನೋಡಿ. 2 ಎಂಎಂ ಶೀಟ್ ಚದರ ಮೀಟರಿಗೆ 3 ಕೆಜಿ ಹತ್ತಿರ ಬರುತ್ತೆ. ಡೋರಿಗಿದ್ದರೆ ಹೇಗೂ ಬಿಡಿ. ಡಿಕ್ಕಿ, ರೂಫ್, ನೆಲ ಎಲ್ಲ ಮಾಡಿಸಿದ್ದರೆ 15 ಕೆಜಿ ದಾಟಿರಬಹುದು, ಆಗ ಡಿಕ್ಕಿಯದ್ದು ಮಾತ್ರ ಕೀಳೋದು ಸುಲಭ.

ಡಿಕ್ಕಿ ಖಾಲಿ ಮಾಡೋ ಭರದಲ್ಲಿ ಫಸ್ಟ್ ಏಡ್ ಬಾಕ್ಸ್, ಎಚ್ಚರಿಕೆಯ ತ್ರಿಕೋನ ತೆಗೆಯಬೇಡಿ. ಸ್ಟೆಪ್ನಿ ಬಗ್ಗೆ: 2020ರ ನಿಯಮ ತಿದ್ದುಪಡಿಯಲ್ಲಿ ರಿಪೇರಿ ಕಿಟ್ ಮತ್ತು ಟಿಪಿಎಂಎಸ್ (ಟೈರ್ ಗಾಳಿ ಕಡಿಮೆಯಾದರೆ ಎಚ್ಚರಿಸೋ ವ್ಯವಸ್ಥೆ) ಎರಡೂ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂದಿದ್ದಾರೆ. ನಿಮ್ಮ ವಿಎಕ್ಸ್‌ಐಗೆ ಟಿಪಿಎಂಎಸ್ ಇಲ್ಲ, ಹಾಗಾಗಿ ಆ ವಿನಾಯಿತಿ ನಿಮಗೆ ಅಂತ ಅಂದುಕೊಳ್ಳಬೇಡಿ.

---

ಘಟ್ಟದ_ಕೆಳಗೆ:

ಪುತ್ತೂರಿಗೆ ಬರುವಾಗ ಸ್ಟೆಪ್ನಿ ಮನೆಯಲ್ಲಿ ಬಿಟ್ಟು ಬರಬೇಡಿ ಮಾರಾಯ್ರೆ. ಘಾಟಿಯಲ್ಲಿ ಕಾಂಕ್ರೀಟಿನ ಅಂಚು, ಬದಿಯ ಕಲ್ಲು ತಾಗಿದರೆ ಹೋಗುವುದು ಸೈಡ್‌ವಾಲೇ. ಸಕಲೇಶಪುರದಿಂದ ಗುಂಡ್ಯದವರೆಗೆ ರಾತ್ರಿ ಹೊತ್ತು ಟೈರ್ ಅಂಗಡಿ ಹುಡುಕಿದರೆ ಸಿಗುವುದಿಲ್ಲ, ಮಳೆಗಾಲದಲ್ಲಿ ಟೋಯಿಂಗ್ ಗಾಡಿ ಬರುವುದೂ ಅಷ್ಟರಲ್ಲೇ ಉಂಟು. ಇಂಜಿನ್ ಗಾರ್ಡ್ ಕೂಡ ಪೂರ್ತಿ ತೆಗೆಯುವುದು ಬೇಡ, ತೋಟದ ರಸ್ತೆಗೆ ಇಳಿಸುವವರಾದರೆ ಅಲ್ಯೂಮಿನಿಯಂ ಹಾಕಿಸಿ. ಆಯಿಲ್ ಬದಲಿಸುವ ತೂತು, ನೀರು ಇಳಿಯುವ ತೂತು ಅದರಲ್ಲಿ ಇರಬೇಕು.

ಯಾರೂ ಹೇಳದ ಒಂದು ತೂಕ ಉಂಟು, ನೀರು ಮತ್ತು ಮಣ್ಣು. ಒಂದು ಮಳೆಗಾಲ ಕಳೆದ ಕಾರಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ ನೋಡಿ, ಹಿಂದೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರ್ತದೆ. ಕೆರೆದು ತೂಗಿದರೆ ಎರಡು ಮೂರು ಕೆಜಿ ಬಂದರೂ ಹೆಚ್ಚಲ್ಲ. ಅದು ಸದಾ ತೇವ ಹಿಡಿದಿಟ್ಟು ಫೆಂಡರಿಗೆ ತುಕ್ಕು ತರಿಸ್ತದೆ, ತೂಕಕ್ಕಿಂತ ಅದೇ ದೊಡ್ಡ ನಷ್ಟ.

ಡೋರಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಸೀಳು ಉಂಟು. ಧೂಳು ಕಟ್ಟಿದರೆ ಡೋರಿನೊಳಗೆ ನೀರು ನಿಲ್ತದೆ, ಮುಚ್ಚುವಾಗ ಗಳಗಳ ಕೇಳ್ತದೆ. ಕಡ್ಡಿಯೋ ಪ್ಲಾಸ್ಟಿಕ್ ಟೈಯೋ ಹಾಕಿ ಬಿಡಿಸಿ, ಕಬ್ಬಿಣದ ತಂತಿ ಬೇಡ, ಪೇಂಟ್ ಹೋಗ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿ ನೋಡಿ. ಅಲ್ಲಿ ನೀರಿದ್ದರೆ ಹಿಂದಿನ ಲೈಟಿನ ಗ್ಯಾಸ್ಕೆಟ್ ಅಥವಾ ಡಿಕ್ಕಿ ಬೀಡಿಂಗ್ ಸೋರ್ತಾ ಉಂಟು ಅಂತ ಲೆಕ್ಕ. ಎದುರು ಎಡಬದಿ ಕಾಲಡಿ ಕಾರ್ಪೆಟ್ ಒತ್ತಿ ನೋಡಿ. ಎಸಿ ನೀರು ಹೋಗುವ ಪೈಪ್ ಕಟ್ಟಿದರೆ ನೀರು ಅಲ್ಲಿಗೇ ಬರುವುದು. ಕಾರ್ಪೆಟ್ ಅಡಿಯ ಫೆಲ್ಟ್ ನಾಲ್ಕೈದು ಲೀಟರ್ ಕುಡಿದರೂ ಮೇಲಿಂದ ಒಣಗಿದ ಹಾಗೆ ಕಾಣ್ತದೆ. 7ಡಿ ಮ್ಯಾಟ್ ಹಾಕಿದ ಕಾರಲ್ಲಿ ಇದು ತುಂಬ, ಆವಿ ಹೋಗಲಿಕ್ಕೆ ದಾರಿಯೇ ಇಲ್ಲ. ಸೀಟ್ ಬೋಲ್ಟ್ ಬಿಚ್ಚಿ ಕಾರ್ಪೆಟ್ ಎತ್ತಿ ಎರಡು ದಿನ ಬಿಸಿಲಿಗೆ ಹಾಕದೆ ಒಣಗುವುದಿಲ್ಲ. ಸೀಟ್ ಅಡಿಯ ಹಳದಿ ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಡಿ, ಹಳದಿ ಅಂದರೆ ಏರ್‌ಬ್ಯಾಗಿನ ವೈರು.

---

ಬಿಳಿ_ಸ್ವಿಫ್ಟ್:

ಹಳೇ ಸ್ಟೀಲ್ ರಿಮ್ ಸೆಟ್ ಹುಡುಕ್ತೀನಿ. ಎಲ್ಲ ಇಳಿಸಿದ ಮೇಲೆ ಸೆಟ್ಟಿಂಗ್ ಏನಾದರೂ ಬದಲಿಸಬೇಕಾ, ಅಲೈನ್‌ಮೆಂಟ್ ಅಂತ?

---

ಹಳೇ_ಸ್ಪ್ಯಾನರ್:

ಇಷ್ಟು ತೂಕಕ್ಕೆ ಅಲೈನ್‌ಮೆಂಟ್ ಹಾಳಾಗಲ್ಲ, ಆದರೂ ರಿಮ್ ಬದಲಿಸೋ ದಿನ ಒಮ್ಮೆ ನೋಡಿಸಿ. ಡಿಕ್ಕಿ ಹಗುರವಾದರೆ ಹಿಂಭಾಗ ಸ್ವಲ್ಪ ಎದ್ದು ಹೆಡ್‌ಲೈಟ್ ಬೆಳಕು ಹತ್ತಿರಕ್ಕೆ ಬೀಳುತ್ತೆ. ಲೆವೆಲಿಂಗ್ ನಾಬ್ ಸೊನ್ನೆಯಲ್ಲಿದೆಯಾ ನೋಡಿ, ಆಮೇಲೂ ಹತ್ತಿರವಿದ್ದರೆ ಗೋಡೆ ಮುಂದೆ ನಿಲ್ಲಿಸಿ ಸ್ಕ್ರೂ ತಿರುಗಿಸಿ. ಟೈರ್ ಗಾಳಿ ಡ್ರೈವರ್ ಡೋರಿನ ಸ್ಟಿಕ್ಕರ್‌ನಲ್ಲಿರೋ ಹಾಗೆ. 16 ಇಂಚಿಗೆ ತುಂಬಿಸುತ್ತಿದ್ದ ಲೆಕ್ಕ ಇದಕ್ಕೆ ಬೇಡ. ನಟ್‌ಗಳನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದು ಕಳಿಸಿದರೆ ಒಪ್ಪಬೇಡಿ. ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು, ಎದುರುಬದುರು ಕ್ರಮದಲ್ಲಿ. 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

16 ಇಂಚಿನ ಸೆಟ್ ಮಾರುವಾಗ ಅದರ ನಟ್, ಹಬ್ ರಿಂಗ್ ಜೊತೆಗೇ ಕೊಡಿ, ಬೆಲೆ ಚೆನ್ನಾಗಿ ಸಿಗುತ್ತೆ.